‘ದೇವರನ್ನು ತಿಳಿಯಲೇಬೇಕು’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

44 ವರ್ಷದ ಬ್ಯಾಂಕ್ ನೌಕರರು. ಕರೆತಂದವರು ಹೆಂಡತಿ. "ಇವರು ರಾತ್ರಿ ಎರಡರ ತನಕ ಮೊಬೈಲಲ್ಲಿ ಪ್ರವಚನ ಕೇಳ್ತಾರೆ. ಕೆಲಸ ಬಿಟ್ಟು ಆಶ್ರಮಕ್ಕೆ ಹೋಗ್ತೀನಿ ಅಂತಾರೆ. ಮಗಳು ಈಗ ಪಿಯುಸಿ." ಗಂಡನದು ಒಂದೇ ಮಾತು: "ದೇವರು ಅಂದ್ರೆ ಏನು ಅಂತ ತಿಳೀದೆ ಬದುಕಿ ಏನು ಪ್ರಯೋಜನ ಮೇಡಂ?"

ಇಂಥ ಹಂಬಲಕ್ಕೆ ಕಾಯಿಲೆಯ ಹೆಸರಿಡುವ ಆತುರ ಬೇಡ. ಆದರೆ ನಿದ್ದೆಯನ್ನು ಮೊದಲು ವಿಚಾರಿಸಬೇಕು. ಮೂರು ಗಂಟೆ ಮಲಗಿಯೂ ದಣಿವಿಲ್ಲ, ಮಾತು ನಿಲ್ಲದು, ಕೈಯಲ್ಲಿ ದುಡ್ಡು ನಿಲ್ಲದು, ಆಜ್ಞೆ ಮಾಡುವ ಧ್ವನಿ ಕೇಳುತ್ತದೆ ಎಂದರೆ ಮನೋವೈದ್ಯರೇ ಬೇಕು. ತಕ್ಷಣಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಇವರಿಗೆ ಅವು ಯಾವುವೂ ಇರಲಿಲ್ಲ. ನಿದ್ದೆಗೆಟ್ಟು ಸೋತಿದ್ದರು, ಕೌಂಟರಿನಲ್ಲಿ ಲೆಕ್ಕ ತಪ್ಪುತ್ತಿತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದ್ದಕ್ಕೂ ಇಲ್ಲವೆಂದರು.

‘ದೇವರು ಯಾಕೆ ಬೇಕು’ ಎಂದು ಕೇಳಿದರೆ ಜನ ಓದಿದ್ದನ್ನೇ ಒಪ್ಪಿಸುತ್ತಾರೆ. ‘ಈ ಪ್ರಶ್ನೆ ಎದ್ದದ್ದು ಯಾವತ್ತು, ಆಗ ಎಲ್ಲಿ ಕೂತಿದ್ದಿರಿ’ ಎಂದು ಕೇಳಬೇಕು. ಇವರಿಗೆ ಅದು ಎದ್ದದ್ದು ತಂದೆಯ ವೈಕುಂಠ ಸಮಾರಾಧನೆಯ ರಾತ್ರಿ, ಎಲೆ ಎತ್ತಿದ ಹಜಾರದಲ್ಲಿ. ಜಮೀನಿನ ಪಾಲಿಗಾಗಿ ಅಪ್ಪನೊಡನೆ ಎರಡು ವರ್ಷ ಮಾತು ಬಿಟ್ಟಿದ್ದರು. "ಅವರಿಗೆ ಇನ್ನೂ ನನ್ನ ಮೇಲೆ ಸಿಟ್ಟಿದೆಯಾ ಅಂತ ಯಾರನ್ನ ಕೇಳ್ಲಿ?"

ಹಾಗೆಂದು ‘ಇದೆಲ್ಲ ಬರೀ ದುಃಖ’ ಎಂದುಬಿಟ್ಟರೆ ಅವರು ಮತ್ತೆ ಬರುವುದಿಲ್ಲ, ಆ ಮಾತು ನಿಜವೂ ಅಲ್ಲ. ಕಠೋಪನಿಷತ್ತಿನಲ್ಲಿ, ಅಪ್ಪ ಸಿಟ್ಟಿನಲ್ಲಿ ಆಡಿದ ಮಾತಿಗೆ ಯಮನ ಬಳಿ ಹೋದ ಹುಡುಗ ನಚಿಕೇತ ಕೇಳುವ ಮೊದಲ ವರ ಅಪ್ಪನ ಕೋಪ ಇಳಿಯಲಿ ಎಂಬುದು. ಸತ್ತ ಮೇಲೆ ಏನು ಎಂಬ ಪ್ರಶ್ನೆ ಬರುವುದು ಮೂರನೆಯದರಲ್ಲಿ. ಇವರು ಅದನ್ನು ಓದಿದ್ದರು. ಆ ಸರದಿಯ ಕಡೆ ಗಮನ ಹೋಗಿರಲಿಲ್ಲ. ಸಲಹೆಯೂ ಅದೇ ಸರದಿಯಲ್ಲಿ ಸಾಗಿತು.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಅಪ್ಪನಿಗೆ ಕೈಬರಹದ ಪತ್ರ. ಮೊದಲ ಪತ್ರದಲ್ಲಿ ಎಲ್ಲರೂ ಬರೀ ಹೊಗಳುತ್ತಾರೆ, ಅದರಿಂದ ಎದೆ ಹಗುರಾಗದು. ಜಗಳದ ದಿನ ಆಡಿದ ಮಾತುಗಳನ್ನೇ ಬರೆಯಬೇಕು. ರಾತ್ರಿ 10:30ಕ್ಕೆ ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗೆ. ಇದಕ್ಕೆ ತಕರಾರು ಬಂತು. ಅತಿಯಾಗಿ ಎಚ್ಚರವಿರುವವನಿಗೆ ಯೋಗ ಸಿದ್ಧಿಸದು ಎಂದು ಗೀತೆಯ ಆರನೇ ಅಧ್ಯಾಯವೇ ಹೇಳುತ್ತದಲ್ಲ ಎಂದಾಗ ಒಪ್ಪಿದರು. ಓದು ಬೆಳಿಗ್ಗೆ 40 ನಿಮಿಷ, ಒಂದೇ ಗ್ರಂಥ, ಒಬ್ಬರೇ ಬೋಧಕರು. ಬೆಳಿಗ್ಗೆ ಅದ್ವೈತದ ತುಣುಕು ವಿಡಿಯೊ, ಸಂಜೆ ದ್ವೈತದ್ದು ಕೇಳಿದರೆ ತಲೆ ಗಿರ್ರೆನ್ನುವುದೇ ಲಾಭ. ರಾಜೀನಾಮೆ, ದೊಡ್ಡ ದಾನ ಆರು ತಿಂಗಳು ಬೇಡ. ಬೇಕಿದ್ದರೆ ರಜೆ ಹಾಕಿ ಆಶ್ರಮದಲ್ಲಿ ಇದ್ದು ಬರಲಿ. ಹೆಂಡತಿಗೆ ಹೇಳಿದ್ದು ಇಷ್ಟೇ: ‘ಹುಚ್ಚು’ ಎನ್ನಬೇಡಿ, ಅಂದರೆ ಪ್ರವಚನವನ್ನು ಕದ್ದುಮುಚ್ಚಿ ಕೇಳಲು ಶುರುಮಾಡುತ್ತಾರೆ.

ಎರಡು ತಿಂಗಳಿಗೆ ರಾತ್ರಿಯ ನಿದ್ದೆ ಆರು ತಾಸಿಗೆ ಏರಿತು. ಪಾಲಿನ ವಿಷಯ ಅಣ್ಣನೊಡನೆ ತಾವೇ ಎತ್ತಿದರು. ಓದು ನಿಂತಿಲ್ಲ, ನಿಲ್ಲಿಸುವುದು ಗುರಿಯೂ ಆಗಿರಲಿಲ್ಲ. ಎರಡನೇ ಶನಿವಾರ ಆಶ್ರಮಕ್ಕೆ ದಂಪತಿ ಒಟ್ಟಿಗೇ ಹೋಗಿಬಂದರು. ಆಕೆಗೆ ಅಲ್ಲಿಯ ಊಟ ಹಿಡಿಸಲಿಲ್ಲವಂತೆ.