2001ರ ಜಿಪ್ಸಿನ ಎಲೆಕ್ಟ್ರಿಕ್ ಮಾಡಿಸ್ಬೇಕು ಅಂತೀನಿ, ಯಾವ ಮೋಟರ್ ಹಾಕಿಸ್ಲಿ?

ಇಂಜಿನ್ ಹೊಗಿ ಉಗುಳ್ತದ, ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟರ್ ಛಲೋನೋ ಎಸಿ ಮೋಟರ್ ಛಲೋನೋ ಅಂತ ಕೇಳೀರಿ. ಮೋಟರ್ ಯಾವ್ದರೆ ಇರ್ಲಿ ಬಿಡ್ರಿ. ಗೇರ್ ಬಾಕ್ಸ್ ಏನ್ ಮಾಡ್ತೀರಿ ಅದನ್ನ ಹೇಳ್ರಿ ಮೊದ್ಲು, ಯಾಕಂದ್ರ ನಾ ಅದನ್ನ ಗುಜರಿಗಿ ಹಾಕಿ ಕೈ ಸುಟ್ಕೊಂಡೀನಿ.

ನಮ್ದೂ ಜಿಪ್ಸಿನೇ, 1.3 ಲೀಟರ್ ಇಂಜಿನ್‌ದು. ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಗೆಳೆಯಂದು ಲೇಥ್ ಶೆಡ್ ಅದ, ಅಲ್ಲೇ ಇಂಜಿನ್ ಇಳಿಸಿದ್ವಿ. 15 ಕಿಲೋವ್ಯಾಟ್ ಮೋಟರ್, 96 ವೋಲ್ಟ್ ಕಂಟ್ರೋಲರ್ (ಮೋಟರಿಗಿ ಎಷ್ಟು ಕರೆಂಟ್ ಬಿಡ್ಬೇಕು ಅಂತ ನೋಡೋದು), 160 ಆಂಪಿಯರ್ ಅವರ್‌ದು 30 ಲಿಥಿಯಂ ಸೆಲ್. ಜಿಪ್ಸಿದಾಗ ಟ್ರಾನ್ಸ್‌ಫರ್ ಕೇಸ್, ಅಂದ್ರ ಮುಂದಿನ ಹಿಂದಿನ ಗಾಲಿಗಿ ಶಕ್ತಿ ಹಂಚೋ ಡಬ್ಬಿ, ಗೇರ್ ಬಾಕ್ಸಿಗಿ ಅಂಟ್ಕೊಂಡಿರಂಗಿಲ್ಲ ನೋಡ್ರಿ, ಹಿಂದ ಬ್ಯಾರೇನೇ ಕುಂತಿರ್ತದ, ನಡುವ ಒಂದು ಗಿಡ್ಡ ಶಾಫ್ಟ್. ಅದನ್ನ ನೋಡೇ ನನ್ ತಲಿ ಕೆಟ್ಟಿದ್ದು. ಎಲೆಕ್ಟ್ರಿಕ್ ಮೋಟರಿಗಿ ಸೊನ್ನೆ ಸ್ಪೀಡಿನಿಂದಾನೇ ಟಾರ್ಕ್ (ತಿರುಗಿಸೋ ಬಲ) ಅದ, ಗೇರ್ ಯಾಕ ಬೇಕು ಅಂತ ಮೋಟರ್ ಸೀದಾ ಆ ಶಾಫ್ಟಿಗೇ ಜೋಡಿಸಿ, ಗೇರ್ ಬಾಕ್ಸ್ 6 ಸಾವಿರಕ್ಕ ಗುಜರಿಯವಗ ಕೊಟ್ಟು ಬಿರಿಯಾನಿ ತಿಂದ್ವಿ.

ಶೆಡ್ ಮುಂದ ಅಂತೂ ಬಾಣ ಹೋದಂಗ ಹೋಯ್ತು. ಟೆಂಪೋದಾಗ ಏರಿಸಿ ಆಳಂದ ಕಡಿ ಸೋದರಮಾವನ ಹೊಲಕ್ಕ ಒಯ್ದೆ. ಶ್ರಾವಣದ ಮಳಿ, ಎರಿ ಭೂಮಿ, ತೊಗರಿ ಮೊಳಕಾಲುದ್ದ ಬಂದಿತ್ತು. ಬದುವಿನ ಬಾಜು ಇಳಿಸಿದ್ದೇ ತಡ ಟಯರಿಗಿ ಮಣ್ಣು ಹಿಟ್ಟು ಮೆತ್ತಿದಂಗ ಮೆತ್ತಿತು. ಫೋರ್ ಲೋ (ಟ್ರಾನ್ಸ್‌ಫರ್ ಕೇಸಿನಾಗ ನಾಲ್ಕೂ ಗಾಲಿ ಎಳಿಯೋ ನಿಧಾನದ ಗೇರ್, ಲೋ ರೇಂಜ್) ಹಾಕಿ ಒತ್ತಿದ್ರ ಮೋಟರ್ ಗುಂಯ್ ಅಂತದ, ಗಾಡಿ ಅಲ್ಲಾಡಂಗಿಲ್ಲ. ಹತ್ತು ಸೆಕೆಂಡಿಗಿ ಕಟ್. ಬಂದ್ ಮಾಡಿ ಚಾಲೂ ಮಾಡಿ ಮತ್ತ ಒತ್ತಿದೆ, ಮತ್ತ ಕಟ್. ಮೂರನೇ ಸಲ ಸುಟ್ಟ ವಾರ್ನಿಷ್ ವಾಸನಿ ಬಂತು, ಬಾನೆಟ್ ಎತ್ತಿ ಕಂಟ್ರೋಲರ್ ಮ್ಯಾಲ ಅಂಗೈ ಇಟ್ರ ಚುರ್ ಅಂತು. ಮಾವ ಬದುವಿನ ಮ್ಯಾಲ ಕುಂತು "ಅಳಿಯಾ, ಇದು ಗಾಡಿನೋ ಗಿರಣಿನೋ" ಅಂದ. ಕಡೀಕ ಎತ್ತು ಕಟ್ಟಿ ಎಳದ್ವಿ.

ಆಗಿದ್ದೇನಂದ್ರ, ಈ ಗಾಡ್ಯಾಗ ನಾಲ್ಕನೇ ಗೇರ್ ಅಂದ್ರ ಒಂದಕ್ಕ ಒಂದು, ಅಂದ್ರ ಗೇರ್ ಬಾಕ್ಸ್ ತಗದು ಸೀದಾ ಜೋಡಿಸಿದ್ರ ಜೀವನಪೂರ್ತಿ ನಾಲ್ಕನೇ ಗೇರಿನಾಗೇ ಗಾಡಿ ಎಬ್ಬಿಸಿದಂಗ. ಮೊದಲ್ನೇ ಗೇರ್ ಟಾರ್ಕನ್ನ ಮೂರೂವರಿ ಪಟ್ಟಿಗಿಂತ ಜಾಸ್ತಿ ಮಾಡಿ ಕೊಡ್ತಿತ್ತು. ಅದು ಇಲ್ಲಂದ್ರ ಅಷ್ಟೂ ಟಾರ್ಕ್ ಮೋಟರೇ ಹುಟ್ಟಿಸ್ಬೇಕು, ಅಂದ್ರ ಮೂರೂವರಿ ಪಟ್ಟು ಕರೆಂಟ್ ಎಳೀಬೇಕು, ಮತ್ತ ಕಾವು ಏರೋದು ಕರೆಂಟಿನ ವರ್ಗದ ಲೆಕ್ಕದಾಗ, 3.5 ಗುಣಸು 3.5, ಹನ್ನೆರಡು ಪಟ್ಟು ಕಾವು! ಮ್ಯಾಲಿಂದ ನನ್ ಮೋಟರಿನ ಫ್ಯಾನ್ ಅದರ ಶಾಫ್ಟಿಗೇ ಇತ್ತು, ಶಾಫ್ಟ್ ತಿರುಗಲ್ಲಂದ್ರ ಗಾಳಿನೂ ಇಲ್ಲ. ಲೋ ರೇಂಜ್ ಅದ ಅಲ್ಲ ಅಂತೀರಿ, ಅದು ಎರಡು ಪಟ್ಟಿಗಿ ಸ್ವಲ್ಪ ಜಾಸ್ತಿ ಅಷ್ಟೇ, ಎರಿ ಮಣ್ಣಿಗಿ ಅದು ಸಾಕಾಗಂಗಿಲ್ಲ. ಸೊನ್ನೆಯಿಂದ ಟಾರ್ಕ್ ಬರ್ತದ ಅನ್ನೋದು ಖರೇ, ಆದ್ರ ಎಷ್ಟೊತ್ತು ಬರ್ತದ ಅಂತ ನಾ ಯಾರನ್ನೂ ಕೇಳಿರ್ಲಿಲ್ಲ.

ಕಂಟ್ರೋಲರ್ ಹೋಯ್ತು. ಅದೇ ಗುಜರಿ ಲೈನಿನಾಗ ಅಂಥದ್ದೇ ಹಳೇ ಗೇರ್ ಬಾಕ್ಸಿಗಿ 22 ಸಾವಿರ ಕೊಟ್ಟೆ, ಮೋಟರನ್ನ ಗೇರ್ ಬಾಕ್ಸಿಗಿ ಕೂಡಿಸೋ ಅಡಾಪ್ಟರ್ ಪ್ಲೇಟ್ ಹೊಸದು, ಮೌಂಟಿಂಗ್ ಹೊಸವು, ಎಲ್ಲಾ ಕೂಡಿ ಲಕ್ಷ ದಾಟ್ತು. ಈಗ ಒಂದನೇ ಗೇರ್, ಲೋ ಹಾಕಿದ್ರ ಅದೇ ಮೋಟರ್ ಅದೇ ಕೆಸರಿನಾಗ ನಿಧಾನಕ್ಕ ನಡದು ಬರ್ತದ. ಕ್ಲಚ್ ತಗದೀನಿ, ನಿಲ್ಲಿಸಿ ಗೇರ್ ಹಾಕ್ತೀನಿ, ಏನೂ ತ್ರಾಸಿಲ್ಲ.

ನೀವು ಬರ್ದೀರಲ್ಲ, ವಾರಕ್ಕೊಮ್ಮೆ ಬೀದರಿಗಿ ಹೋಗ್ಬೇಕು ಅಂತ, ಅದಕ್ಕಾದ್ರ ಇದರ ಉಸಾಬರಿನೇ ಬ್ಯಾಡ. ನನ್ನದು 15 ಯೂನಿಟ್ ಬ್ಯಾಟರಿ, ಡಬ್ಬಿ ಆಕಾರದ ಗಾಡಿ, 75 ಕಿಲೋಮೀಟರಿಗಿ ಮುಗೀತದ, ಕಲಬುರಗಿಯಿಂದ ಬೀದರ್ ನೂರರ ಮ್ಯಾಲ ಅದ. ಇಂಜಿನ್ ಬೋರಿಂಗ್ ಮಾಡಿಸಿ ಆರಾಮ ಓಡಾಡ್ರಿ. ರೋಡಿನ ಮಾತು ಬ್ಯಾರೇನೂ ಅದ, ಕಿಟ್‌ಗೆ ಎಐಎಸ್ 123 ಅನ್ನೋ ಗಾಡಿ ಮಾನದಂಡದ ಪ್ರಕಾರ ಎಆರ್‌ಎಐ ಇಲ್ಲಾ ಐಕ್ಯಾಟ್‌ನಂಥ ಗಾಡಿ ಪರೀಕ್ಷಾ ಸಂಸ್ಥೆಯವರ ಮಂಜೂರಾತಿ ಇರ್ಬೇಕು, ಅದೂ ನಿಮ್ಮ ಮಾಡೆಲ್‌ಗೇ, ಆಮ್ಯಾಲ ಆರ್‌ಸಿದಾಗ ಇಂಧನ ಬದಲಾಗ್ಬೇಕು. ನನ್ನದಕ್ಕ ಇವ್ಯಾವೂ ಇಲ್ಲ, ಅದಕ್ಕೇ ಹೊಲ ಬಿಟ್ಟು ಹೊರಗ ತರಂಗಿಲ್ಲ.

ಇಷ್ಟಾದ್ರೂ ಮಾಡಿಸ್ತೀನಿ ಅಂದ್ರ ಬ್ರೇಕ್ ಮರೀಬ್ಯಾಡ್ರಿ. ಬ್ರೇಕ್ ಪೆಡಲ್ ಹಗುರ ಮಾಡೋ ಬೂಸ್ಟರಿಗಿ ವ್ಯಾಕ್ಯೂಮ್ ಕೊಡ್ತಿದ್ದದ್ದು ಇಂಜಿನ್ನೇ, ಅದು ಹೋದ್ರ ಪೆಡಲ್ ಕಲ್ಲಾಗ್ತದ, 12 ವೋಲ್ಟಿನ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು. ಅಡಾಪ್ಟರ್ ಪ್ಲೇಟಿಗಿ ಕತ್ತರಿಸಿದ ರಟ್ಟಿನ ನಮೂನಿ ಇನ್ನೂ ಶೆಡ್‌ನಾಗ ಗ್ವಾಡಿಗಿ ತೂಗ್ಹಾಕೀನಿ, ಬೇಕಂದ್ರ ಅಳತಿ ಬರ್ದು ಹಾಕ್ತೀನಿ.