ತಿಂಗಳ ಕೊನೆಯ ಮುನ್ನೂರು ಪತ್ರಗಳು

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದೇನೆ. ಪ್ರತಿ ತಿಂಗಳೂ ಸಾಲದ ಕಂತು ಬಾಕಿಯಿರುವ ಸುಮಾರು 300 ಸದಸ್ಯರಿಗೆ ತಿಳಿವಳಿಕೆ ಪತ್ರ ಕಳುಹಿಸುವುದು, ಊರುವಾರು ಬಾಕಿ ಮೊತ್ತವನ್ನು ಕಾರ್ಯದರ್ಶಿಯವರಿಗೆ ಒಪ್ಪಿಸುವುದು ನನ್ನ ಕೆಲಸ. ಕಳೆದ ತಿಂಗಳು ಇಡೀ ಪಟ್ಟಿಯನ್ನು ಚಾಟ್‌ಜಿಪಿಟಿಗೆ ಕೊಟ್ಟೆ. ಪತ್ರದ ಒಕ್ಕಣೆಯೇನೋ ಬಂತು, ಆದರೆ ಎರಡು ಊರುಗಳ ಮೊತ್ತ ತಪ್ಪಿತ್ತು. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದ ಹೆಸರುಗಳು ಅರ್ಥವಾಗದ ಅಕ್ಷರಗಳಾಗಿದ್ದವು. ಇದನ್ನು ಮುಂದುವರಿಸಬಹುದೇ? ಮೇಲಿನವರಿಗೆ ತಿಳಿಸಬೇಕೇ? ತಿಳಿಸಿದರೆ ನನ್ನ ಕೆಲಸಕ್ಕೇ ಸಂಚಕಾರ ಬಂದೀತೆಂಬ ಅಂಜಿಕೆಯಿದೆ.

ಉತ್ತರ: ಮುಂದುವರಿಸಬಹುದು, ಆದರೆ ಸದಸ್ಯರ ಪಟ್ಟಿಯನ್ನು ಇನ್ನು ಮುಂದೆ ಕೊಡಬೇಡಿ. ಹೆಸರು, ಮೊಬೈಲ್ ಸಂಖ್ಯೆ, ಬಾಕಿ ಮೊತ್ತ ಇವೆಲ್ಲ ಸಂಘವನ್ನು ನಂಬಿ ಅವರು ಕೊಟ್ಟ ವಿವರಗಳು. ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದಿದ್ದೇವೋ ಆ ಉದ್ದೇಶಕ್ಕಷ್ಟೇ ಅವನ್ನು ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮುಖ್ಯ ಆಶಯಗಳಲ್ಲೊಂದು. ಸಾಲ ಮಾಡಿರುವುದು ಪಕ್ಕದ ಮನೆಯವರಿಗೂ ತಿಳಿಯದಿರಲಿ ಎಂದು ಬಯಸುವವರ ಪಟ್ಟಿ ಹೊರಗಿನ ಸರ್ವರ್‌ಗೆ ಹೋಗುವುದನ್ನು ನಾನು ಒಪ್ಪಲಾರೆ.

ಪಟ್ಟಿ ಕೊಡದೆಯೂ ನಿಮ್ಮ ಕೆಲಸ ನಡೆಯುತ್ತದೆ. ಚಾಟ್‌ಜಿಪಿಟಿಯಂಥ ಭಾಷಾ ಮಾದರಿಯು ಮುಂದೆ ಯಾವ ಪದ ಬರಬಹುದೆಂದು ಅಂದಾಜಿಸುತ್ತ ಉತ್ತರವನ್ನು ಕಟ್ಟುವುದರಿಂದ ಉದ್ದನೆಯ ಕೂಡುವ ಲೆಕ್ಕದಲ್ಲಿ ಎಡವಬಹುದು, ಅದೂ ಪೂರ್ಣ ವಿಶ್ವಾಸದ ಧ್ವನಿಯಲ್ಲಿ. ಲೆಕ್ಕವನ್ನು ಎಕ್ಸೆಲ್‌ಗೇ ಬಿಟ್ಟು, ಎಐ (ಕೃತಕ ಬುದ್ಧಿಮತ್ತೆ) ಬಳಿ ಸೂತ್ರವನ್ನು ಮಾತ್ರ ಕೇಳಿ. "ಬಿ ಕಾಲಂನಲ್ಲಿ ಊರಿನ ಹೆಸರು, ಎಫ್ ಕಾಲಂನಲ್ಲಿ ಬಾಕಿ ಮೊತ್ತವಿದೆ; ಊರುವಾರು ಮೊತ್ತ ಬೇಕು" ಎಂದು ಬರೆದರೆ ಹೆಸರು ಹೊಂದುವ ಸಾಲುಗಳನ್ನಷ್ಟೇ ಕೂಡುವ ಸಮ್‌ಇಫ್ (SUMIF) ಸೂತ್ರವನ್ನು ಅದು ಬರೆದುಕೊಡುತ್ತದೆ. ಹೊಸಹಳ್ಳಿ ಎಂಬ ಊರು ಒಂದು ಸಾಲಿನಲ್ಲಿ "ಹೊಸಳ್ಳಿ" ಎಂದಿದ್ದರೆ ಆ ಸಾಲಿನ ಬಾಕಿ ಲೆಕ್ಕದಿಂದ ಜಾರಿಹೋಗುತ್ತದೆ. ಆದ್ದರಿಂದ ಊರುಗಳ ಮೊತ್ತವನ್ನೆಲ್ಲ ಕೂಡಿದಾಗ ಎಫ್ ಕಾಲಂನ ಒಟ್ಟು ಮೊತ್ತಕ್ಕೆ ತಾಳೆಯಾಗುವುದೇ ಎಂದು ಪ್ರತಿ ಸಲವೂ ನೋಡಿ.

ಪತ್ರಗಳಿಗೂ ಇದೇ ದಾರಿ. ಒಂದು ನಮೂನೆಯನ್ನು ಎಐಯಿಂದ ಬರೆಸಿಕೊಂಡರೆ, ಅದರಲ್ಲಿ 300 ಹೆಸರು ಮತ್ತು ಮೊತ್ತಗಳನ್ನು ತುಂಬುವ ಕೆಲಸವನ್ನು ವರ್ಡ್‌ನಲ್ಲಿ ಬಹಳ ಹಿಂದಿನಿಂದಲೂ ಇರುವ ಮೇಲ್ ಮರ್ಜ್ ನಿಮ್ಮ ಕಂಪ್ಯೂಟರಿನಲ್ಲೇ ಮಾಡುತ್ತದೆ. ನಮೂನೆಯ ಭಾಷೆಯನ್ನು ಮಾತ್ರ ನೀವೇ ತಿದ್ದಬೇಕು. ಎಐ ಕನ್ನಡದಲ್ಲಿ "ನೀವು ಕಂತು ಪಾವತಿಸಲು ವಿಫಲರಾಗಿದ್ದೀರಿ" ಎಂಬಂಥ ವಾಕ್ಯಗಳು ನುಸುಳುತ್ತವೆ. ಮಳೆ ಕೈಕೊಟ್ಟ ವರ್ಷ ಇದನ್ನು ಓದುವ ರೈತರಿಗೆ ಹೇಗನ್ನಿಸಬಹುದು? "ತಮ್ಮ ಸಾಲದ ಕಂತು ಇದುವರೆಗೂ ಜಮೆಯಾಗಿರುವುದಿಲ್ಲ" ಎಂದರೆ ವಿಷಯವೂ ಮುಟ್ಟುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಹೆಸರುಗಳು ಕೆಟ್ಟದ್ದಕ್ಕೆ ಕಾರಣ ಬೇರೆ. ನುಡಿಯ ಹಳೆಯ ಕಡತಗಳಲ್ಲಿ ಇರುವುದು ಇಂಗ್ಲಿಷ್ ಮುಂತಾದ ಅಕ್ಷರಗಳ ಸಂಕೇತಗಳು. ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ, ಫಾಂಟ್ ಕಳಚಿದೊಡನೆ ಒಳಗಿನದು ಹೊರಬೀಳುತ್ತದೆ. ಕಡತವನ್ನು ಒಮ್ಮೆ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿಕೊಂಡು, ಧರ್ಮಣ್ಣ, ಈಶ್ವರಪ್ಪ ಮೊದಲಾದ ಹೆಸರುಗಳಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಕಣ್ಣಾಡಿಸಿ.

ಇನ್ನು ಕಾರ್ಯದರ್ಶಿಯವರ ವಿಚಾರ. ಖಂಡಿತ ತಿಳಿಸಿ, ಕಳೆದ ತಿಂಗಳು ಪಟ್ಟಿಯನ್ನು ಹೊರಗೆ ಕೊಟ್ಟದ್ದನ್ನೂ ಮರೆಮಾಚಬೇಡಿ. ನಿಮ್ಮ ಅಂಜಿಕೆ ಸುಳ್ಳೆಂದು ನಾನು ಹೇಳುವುದಿಲ್ಲ, ಆದರೆ ತಪ್ಪು ಮೊತ್ತವನ್ನು ಹಿಡಿದವರು ನೀವೇ, ಹೊಸಳ್ಳಿಯೂ ಹೊಸಹಳ್ಳಿಯೂ ಒಂದೇ ಊರೆಂದು ಗೊತ್ತಿರುವುದೂ ನಿಮಗೇ. ಮೊದಲ ತಿಂಗಳು ಒಂದು ಊರಿನ ಪತ್ರಗಳನ್ನು ಮಾತ್ರ ಹೊಸ ಕ್ರಮದಲ್ಲಿ ತಯಾರಿಸಿ, ಖಾತೆ ಪುಸ್ತಕದೊಡನೆ ಹೋಲಿಸಿ, ಎರಡನ್ನೂ ಅವರ ಮೇಜಿನ ಮೇಲಿಟ್ಟು ಮಾತನಾಡಿ.