ದೇವರೊಡನೆ ಮುನಿಸಿಕೊಂಡ ಅತ್ತೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯ ಜಿಲ್ಲೆಯ ಹಳ್ಳಿಯೊಂದರಿಂದ ಸೊಸೆಯೊಬ್ಬಳು ತನ್ನ ಅತ್ತೆಯನ್ನು ಮೈಸೂರಿಗೆ, ನನ್ನಲ್ಲಿಗೆ ಕರೆತಂದಿದ್ದಳು. ಅತ್ತೆ ಅರವತ್ತು ದಾಟಿದ ವಿಧವೆ. ಒಬ್ಬನೇ ಮಗ ನಾಲ್ಕು ತಿಂಗಳ ಹಿಂದೆ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಭಾನುವಾರದ ಆರಾಧನೆ ತಪ್ಪಿಸದಿದ್ದವರು ಈಗ ಚರ್ಚಿನತ್ತ ತಲೆಹಾಕುವುದಿಲ್ಲ, ರಕ್ತದೊತ್ತಡದ ಮಾತ್ರೆ ನುಂಗುವುದಿಲ್ಲ, ಮುದ್ದೆ ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತದೆ ಎಂಬುದು ಸೊಸೆಯ ಅಳಲು.

ಅತ್ತೆಯ ಅಳಲು ಬೇರೆ. "ದೇವರ ಮೇಲೆ ಸಿಟ್ಟು ಬರುತ್ತದೆ ಮೇಡಂ. ಹಾಗೆ ಸಿಟ್ಟಾಗುವುದು ಪಾಪ, ಯೋಬನನ್ನು ನೋಡಿ ಕಲಿ ಎನ್ನುತ್ತಾರೆ ನಮ್ಮವರು." ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡರೂ ಮೊದಲಿಗೆ ದೇವರನ್ನು ನಿಂದಿಸದ ಬೈಬಲಿನ ಯೋಬನ ತಾಳ್ಮೆಯನ್ನು ಸಾವಿನ ಮನೆಗೆ ಬಂದವರು ಹೀಗೆ ಉಪದೇಶಿಸುವುದು ನನಗೆ ಹೊಸದಲ್ಲ. ಆದರೆ ಅದೇ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿದ್ದು ಯೋಬನ ಗ್ರಂಥದ ಮೂರನೆಯ ಅಧ್ಯಾಯದಲ್ಲಿದೆ. ಉಪದೇಶಕರು ಮೊದಲೆರಡು ಅಧ್ಯಾಯ ಓದಿ ಮುಚ್ಚಿಟ್ಟಿರುತ್ತಾರೆ!

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಸೊಸೆಯ ಮೊಬೈಲಿಗೆ ಹಾಕಿಸಿದೆ. ಅದೇ ವಾರ ವೈದ್ಯರನ್ನು ಕಂಡು ಮಾತ್ರೆ ಮತ್ತೆ ಶುರುಮಾಡಬೇಕೆಂದೆ. ದೀರ್ಘಕಾಲದ ಶೋಕವನ್ನು ತೊಂದರೆಯೆಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವಾದ ಐಸಿಡಿ-11 ಕನಿಷ್ಠ ಆರು ತಿಂಗಳು ಕಾಯುತ್ತದೆ. ನಾಲ್ಕು ತಿಂಗಳ ದುಃಖಕ್ಕೆ ಕಾಯಿಲೆಯ ಪಟ್ಟಿ ಹಚ್ಚಲು ನಾನು ಹೋಗಲಿಲ್ಲ.

ಬೈಬಲನ್ನು ಇನ್ನೂ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ ಎಂದದ್ದರಿಂದ, ರೂತಳ ಪುಸ್ತಕ ಓದೋಣವೇ ಎಂದು ಕೇಳಿದೆ. ನಾಲ್ಕೇ ಅಧ್ಯಾಯ. ಬೇತ್ಲೆಹೇಮಿನಲ್ಲಿ ಬರ ಬಿದ್ದು ನೊವೊಮಿ ಗಂಡ ಮಕ್ಕಳೊಡನೆ ನೆರೆಯ ಮೋವಾಬ್ ನಾಡಿಗೆ ಹೋಗುತ್ತಾಳೆ. ಅಲ್ಲಿ ಗಂಡನೂ ಇಬ್ಬರು ಗಂಡುಮಕ್ಕಳೂ ಸಾಯುತ್ತಾರೆ. ವಿಧವೆಯರಾದ ಇಬ್ಬರು ಸೊಸೆಯರಲ್ಲಿ ಒರ್ಫಾ ತವರಿಗೆ ಮರಳುತ್ತಾಳೆ, ರೂತ್ ಅತ್ತೆಯ ಜೊತೆಗೇ ಬರುತ್ತಾಳೆ. ಊರಿಗೆ ಮರಳಿದವಳು ಹೆಂಗಸರ ಮುಂದೆ ಮರೆಮಾಚದೆ ಹೇಳುತ್ತಾಳೆ: ತುಂಬಿದವಳಾಗಿ ಹೋದೆ, ದೇವರು ನನ್ನನ್ನು ಬರಿದು ಮಾಡಿ ತಂದ. ಆ ಮಾತಿಗೆ ಅವಳನ್ನು ಯಾರೂ ಗದರಿದಂತಿಲ್ಲ. ದೇವರೂ ಶಿಕ್ಷಿಸಲಿಲ್ಲ.

ಓದುತ್ತಿದ್ದ ಸೊಸೆ ಅಲ್ಲಿಗೆ ನಿಲ್ಲಿಸಿದಳು. "ರೂತ್ ಪಕ್ಕದಲ್ಲೇ ನಿಂತಿದ್ದಾಳಲ್ಲ ಅತ್ತೆ, ಬರಿಗೈ ಹೇಗಾಯಿತು?" ನಾಲ್ಕು ತಿಂಗಳಿಂದ ಒಳಗೇ ಇದ್ದ ಪ್ರಶ್ನೆ. ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದು ಒಲೆ ಹಚ್ಚುವ ಅವಳಿಗೂ ಗಂಡ ಸತ್ತಿದ್ದಾನೆ ಎಂಬುದು ಆ ಮನೆಯಲ್ಲಿ ಯಾರಿಗೂ ನೆನಪಿದ್ದಂತಿರಲಿಲ್ಲ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಲೇ ಕುಳಿತರು.

ಎರಡನೆಯ ಅಧ್ಯಾಯದಲ್ಲಿ ನೊವೊಮಿ ಮನೆ ಬಿಟ್ಟು ಹೊರಡುವುದಿಲ್ಲ. ಕೊಯ್ಲಾದ ಹೊಲದಲ್ಲಿ ಉಳಿದ ಹಕ್ಕಲು ತೆನೆ ಆಯಲು ಹೋಗುವವಳು ರೂತ್. ಸಂಜೆ ಸುಮಾರು ಒಂದು ಏಫಾ, ಎಂದರೆ ಇಪ್ಪತ್ತು ಲೀಟರಿಗೂ ಹೆಚ್ಚು ಜವೆಗೋಧಿ ತರುತ್ತಾಳೆ. ತಾನು ಉಂಡು ಉಳಿಸಿದ ಹುರಿಗಾಳನ್ನೂ ಅತ್ತೆಗೆ ಕೊಡುತ್ತಾಳೆ. ದೇವರನ್ನು ದೂರಿದ ನೊವೊಮಿಯ ಬಾಯಲ್ಲಿ ದೇವರ ದಯೆಯ ಮಾತು ಹೊರಡುವುದು ಇದಾದ ಮೇಲೆ. ಆದ್ದರಿಂದ ನಾನು ಕೊಟ್ಟ ಸಲಹೆಯೂ ಊಟದಿಂದಲೇ ಶುರುವಾಯಿತು. ರಾತ್ರಿಯೂಟ ಇಬ್ಬರೂ ಒಟ್ಟಿಗೆ ಮಾಡಬೇಕು, ಒಂದು ತುತ್ತಾದರೂ ಸರಿ. ಪ್ರಾರ್ಥನೆ ಬಾರದಿದ್ದರೆ ಬಲವಂತ ಬೇಡ, ಸಿಟ್ಟನ್ನೇ ದೇವರಿಗೆ ಹೇಳಿ ಎಂದೆ. ಅತ್ತೆಯ ಒಪ್ಪಿಗೆ ಪಡೆದು ಅವರ ಚರ್ಚಿನ ಸಭಾಪಾಲಕರೊಡನೆಯೂ ಮಾತನಾಡಿದೆ: ಮನೆಗೆ ಹೋದಾಗ ಉಪದೇಶ ಬೇಡ, ಸುಮ್ಮನೆ ಕುಳಿತು ಬನ್ನಿ. ಯೋಬನ ಗೆಳೆಯರು ಏಳು ದಿನ ಅಷ್ಟನ್ನೇ ಮಾಡಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ಒಂದು ಎಚ್ಚರಿಕೆಯನ್ನು ಇಬ್ಬರ ಎದುರಿಗೇ ಹೇಳಿದೆ. ರೂತಳ ಕಥೆಯನ್ನು ಸೊಸೆಯ ಕಾಲಿಗೆ ಸಂಕೋಲೆ ಮಾಡಬಾರದು. ತವರಿಗೆ ಮರಳಿದ ಒರ್ಫಾಳನ್ನು ಆ ಪುಸ್ತಕ ಎಲ್ಲೂ ಹಳಿಯುವುದಿಲ್ಲ. ಮರಳಿ ಹೋಗಿ ಎಂದವಳೇ ನೊವೊಮಿ. ಇರುವುದೋ, ತವರಿಗೆ ಹೋಗುವುದೋ, ಮರುಮದುವೆಯೋ, ಈ ಸೊಸೆಯೇ ತೀರ್ಮಾನಿಸಬೇಕು. ಅಷ್ಟರಲ್ಲಿ ಮಗನ ಹೆಸರಿನಲ್ಲಿದ್ದ ಜಮೀನಿನ ಪೌತಿ ಖಾತೆಗೆ ಅರ್ಜಿ ಹಾಕಿ, ದಾಯಾದಿಗಳು ತಂದ ಯಾವ ಕಾಗದಕ್ಕೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ ಎಂದೆ.

ಈಗ ಮಾತ್ರೆ ತಪ್ಪುತ್ತಿಲ್ಲ. ಅತ್ತೆ ಇನ್ನೂ ಚರ್ಚಿಗೆ ಹೋಗುತ್ತಿಲ್ಲ, ನಾನೂ ಆ ವಿಷಯ ಎತ್ತಿಲ್ಲ. ಮುಂದಿನ ಭೇಟಿ ಸೊಸೆಗೆಂದೇ ಇಟ್ಟುಕೊಂಡಿದ್ದೇನೆ, ಅತ್ತೆಯಿಲ್ಲದೆ.